ತಂತಿಯ ದಪ್ಪವೂ ನಾದದ ಸೊಗಸೂ

ನಮ್ಮ ವಾಚನಾಲಯದ ಮೇಜಿನ ಸುತ್ತ ಸಂಜೆಯ ಹೊತ್ತು ಕೂಡುವ ಮಿತ್ರರಲ್ಲೊಬ್ಬರು ಕಳೆದ ತಿಂಗಳು ನಮ್ಮ ಮುಂದೆ ಒಂದು ಪ್ರಶ್ನೆಯನ್ನಿಟ್ಟರು. ಎರಡು ವರ್ಷ ಕೂಡಿಟ್ಟ ಹಣದಿಂದ ಅವರು ಒಂದು ಆಂಪ್ಲಿಫೈಯರನ್ನೂ ಒಂದು ಜೊತೆ ಸ್ಪೀಕರುಗಳನ್ನೂ ಕೊಂಡಿದ್ದರು. ಹಣ ಎಣಿಸಿಕೊಂಡ ಅಂಗಡಿಯವನು ಅವರನ್ನು ಅಷ್ಟಕ್ಕೇ ಬಿಡಲಿಲ್ಲ. “ಇಷ್ಟು ಒಳ್ಳೆಯ ಪೆಟ್ಟಿಗೆಗೆ ಈ ನೂಲಿನಂಥ ತಂತಿ ಹಾಕಿದರೆ ನಾದವೆಲ್ಲ ದಾರಿಯಲ್ಲೇ ಸತ್ತುಹೋಗುತ್ತದೆ” ಎಂದು ಹೇಳಿ, ಬೆರಳು ಗಾತ್ರದ ಹೊಳೆಯುವ ತಂತಿಯೊಂದನ್ನು ತೋರಿಸಿದನಂತೆ. ಅದರ ಬೆಲೆ ಸ್ಪೀಕರುಗಳ ಬೆಲೆಯ ಮೂರನೆಯ ಒಂದು ಪಾಲು! “ಊರಿಗೆ ಕಳುಹಿಸುವ ಹಣದಲ್ಲಿ ಒಂದು ತಿಂಗಳು ಕತ್ತರಿಸಿ ಕೊಳ್ಳಲೇ, ಬೇಡವೇ?” ಇದು ಅವರ ಪ್ರಶ್ನೆ.

ಪ್ರಶ್ನೆ ಒಬ್ಬರದಾದರೂ ಉತ್ತರ ಹಲವರಿಗೆ ಉಪಯೋಗವಾದೀತು. ಅಂಗಡಿಯವನ ಮಾತು ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಎಲ್ಲಿಯವರೆಗೆ ನಿಜ, ಎಲ್ಲಿಂದ ಮುಂದೆ ಸುಳ್ಳು ಎಂಬುದನ್ನು ಲೆಕ್ಕ ಹಾಕಿ ತಿಳಿಯಬಹುದು. ಲೆಕ್ಕವೇನೂ ಕಠಿಣವಲ್ಲ; ಗುಣಾಕಾರ ಭಾಗಾಕಾರ ಬಲ್ಲವರಿಗೆ ಸಾಕು.

ಸ್ಪೀಕರಿನ ಒಳಗೆ ನಡೆಯುವುದೇನು?

ಇಂದು ನಾವು ಬಳಸುವ ಸ್ಪೀಕರಿನ ಮಾದರಿಯನ್ನು ಅಮೆರಿಕೆಯ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬಿಬ್ಬರು ೧೯೨೫ರಲ್ಲಿ ರೂಪಿಸಿ ತೋರಿಸಿದರು. ಕಾಗದದ ಬೋಗುಣಿಯಂಥ ಒಂದು ಶಂಕು. ಅದರ ಬುಡಕ್ಕೆ ಅಂಟಿಸಿದ ತಾಮ್ರದ ತಂತಿಯ ಸುರುಳಿ. ಸುರುಳಿಯ ಸುತ್ತ ಒಂದು ಅಯಸ್ಕಾಂತ. ಆಂಪ್ಲಿಫೈಯರಿನಿಂದ ಬಂದ ವಿದ್ಯುತ್ತು ಸುರುಳಿಯಲ್ಲಿ ಹರಿದಾಗ ಸುರುಳಿ ಹಿಂದಕ್ಕೂ ಮುಂದಕ್ಕೂ ಓಡಾಡುತ್ತದೆ, ಶಂಕು ಅದರೊಡನೆ ಕುಣಿಯುತ್ತದೆ, ಗಾಳಿ ನಡುಗುತ್ತದೆ. ಅದೇ ನಮ್ಮ ಕಿವಿಗೆ ಹಾಡು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ವಿದ್ಯುತ್ತು ಒಂದು ತಂತಿಯಲ್ಲಿ ಸ್ಪೀಕರಿಗೆ ಹೋಗಿ, ಇನ್ನೊಂದು ತಂತಿಯಲ್ಲಿ ಆಂಪ್ಲಿಫೈಯರಿಗೆ ಮರಳುತ್ತದೆ. ಆದ್ದರಿಂದ ಐದು ಮೀಟರು ದೂರದ ಸ್ಪೀಕರಿಗೆ ಅದು ನಡೆಯುವ ದಾರಿ ಹತ್ತು ಮೀಟರು. ಈ ದಾರಿಯಲ್ಲಿ ತಂತಿ ಒಡ್ಡುವ ಅಡ್ಡಿಗೆ ರೋಧವೆಂದು ಹೆಸರು. ತಂತಿಯ ರೋಧವೂ ಸುರುಳಿಯ ರೋಧವೂ ಒಂದೇ ಸಾಲಿನಲ್ಲಿ ನಿಂತಿರುವುದರಿಂದ ಆಂಪ್ಲಿಫೈಯರು ಕೊಟ್ಟದ್ದನ್ನು ಎರಡೂ ತಮ್ಮ ತಮ್ಮ ಪಾಲಿಗೆ ತಕ್ಕಂತೆ ಹಂಚಿಕೊಳ್ಳುತ್ತವೆ. ಸುರುಳಿಯ ಪಾಲು ಹಾಡಾಗುತ್ತದೆ; ತಂತಿಯ ಪಾಲು ಬರಿಯ ಶಾಖವಾಗಿ ವ್ಯರ್ಥವಾಗುತ್ತದೆ.

ಚಾಳುಗಳಲ್ಲಿ ವಾಸಿಸುವವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಕೆಳಗಿನ ತೊಟ್ಟಿಯಿಂದ ಮೂರನೆಯ ಮಹಡಿಗೆ ಸಣ್ಣ ನಳಿಗೆ ಹಾಕಿದರೆ ನೀರು ದಾರದಂತೆ ಬೀಳುತ್ತದೆ. ದಪ್ಪ ನಳಿಗೆ ಹಾಕಿದರೆ ಕೊಡ ಬೇಗ ತುಂಬುತ್ತದೆ. ಆದರೆ ನಲ್ಲಿಯ ಬಾಯಿಯೇ ಅರ್ಧ ಅಂಗುಲವಿರುವಾಗ ಆನೆಕಾಲಿನಂಥ ನಳಿಗೆ ಹಾಕಿ ಪ್ರಯೋಜನವೇನು? ನಮ್ಮ ವಿಷಯದ ಸಾರವೂ ಇಷ್ಟೆ.

ಓಮನ ಲೆಕ್ಕ

ಈ ಅಡ್ಡಿಯನ್ನು ಮೊದಲು ಸರಿಯಾಗಿ ಅಳೆದವನು ಗೆಯೋರ್ಗ್ ಸೈಮನ್ ಓಮ್. ಬೀಗ ಮಾಡುವ ಕಮ್ಮಾರನೊಬ್ಬನ ಮಗ. ಜರ್ಮನಿಯ ಕಲೋನ್ ನಗರದಲ್ಲಿ ಶಾಲೆಯ ಉಪಾಧ್ಯಾಯ. ಬೇರೆಬೇರೆ ಉದ್ದದ, ಬೇರೆಬೇರೆ ದಪ್ಪದ ತಂತಿಗಳಲ್ಲಿ ವಿದ್ಯುತ್ತನ್ನು ಹರಿಸಿ ನೋಡಿ ತಾನು ಕಂಡುದನ್ನು ೧೮೨೭ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಆಗ ಅವನ ನಾಡಿನಲ್ಲಿ ಅದಕ್ಕೆ ಮನ್ನಣೆ ದೊರೆಯಲಿಲ್ಲ. ಲಂಡನಿನ ರಾಯಲ್ ಸೊಸೈಟಿ ೧೮೪೧ರಲ್ಲಿ ಕಾಪ್ಲಿ ಪದಕವನ್ನಿತ್ತು ಗೌರವಿಸಿತು. ಇಂದು ರೋಧವನ್ನು ಅಳೆಯುವ ಮಾನಕ್ಕೆ ಅವನದೇ ಹೆಸರು.

ಓಮ್ ಕಂಡ ನಿಯಮ ಸರಳವಾದುದು: ತಂತಿ ಉದ್ದವಾದಷ್ಟೂ ರೋಧ ಹೆಚ್ಚು, ಅಡ್ಡಕೊಯ್ತದ ವಿಸ್ತೀರ್ಣ ಹೆಚ್ಚಿದಷ್ಟೂ ರೋಧ ಕಡಿಮೆ. ಒಂದು ಚದರ ಮಿಲಿಮೀಟರು ವಿಸ್ತೀರ್ಣದ ಶುದ್ಧ ತಾಮ್ರದ ತಂತಿಯ ಒಂದು ಮೀಟರಿಗೆ ಸುಮಾರು ೦.೦೧೭ ಓಮ್ ರೋಧ. ಪೇಟೆಯ ಬಹು ಎಳೆಗಳ ಮೆತು ತಂತಿಗೆ ತುಸು ಹೆಚ್ಚು; ಲೆಕ್ಕಕ್ಕೆ ಅನುಕೂಲವಾಗುವಂತೆ ೦.೦೨ ಎಂದು ಹಿಡಿಯೋಣ. ಹೋಗುವ ತಂತಿ, ಬರುವ ತಂತಿ ಎರಡೂ ಸೇರಿ ಮೀಟರಿಗೆ ೦.೦೪ ಓಮ್.

ಇನ್ನು ಸ್ಪೀಕರಿನ ಬೆನ್ನು ನೋಡಿ. ಅಲ್ಲಿ ೮ ಓಮ್, ೬ ಓಮ್ ಅಥವಾ ೪ ಓಮ್ ಎಂದು ಬರೆದಿರುತ್ತದೆ. ತಂತಿಯ ರೋಧ ಈ ಅಂಕದ ನೂರಕ್ಕೆ ಐದರಷ್ಟನ್ನು ಮೀರದಿದ್ದರೆ ಚಿಂತೆಯಿಲ್ಲ ಎಂಬುದು ಈ ವಿದ್ಯೆ ಬಲ್ಲವರಲ್ಲಿ ರೂಢಿಯಲ್ಲಿರುವ ಕಟ್ಟಳೆ. ಎಂಟರ ನೂರಕ್ಕೆ ಐದು ಎಂದರೆ ೦.೪ ಓಮ್. ಅಷ್ಟು ರೋಧವಿದ್ದರೂ ಧ್ವನಿ ಕುಗ್ಗುವುದು ೦.೪ ಡೆಸಿಬೆಲಿನಷ್ಟು ಮಾತ್ರ. ಎರಡು ಧ್ವನಿಗಳನ್ನು ಒಂದರ ಬೆನ್ನಿಗೆ ಒಂದನ್ನು ಕೇಳಿಸಿದಾಗ ಸಾಮಾನ್ಯ ಕಿವಿ ಗುರುತಿಸುವ ವ್ಯತ್ಯಾಸ ಸುಮಾರು ೧ ಡೆಸಿಬೆಲ್. ನಿಶ್ಶಬ್ದವಾದ ಕೋಣೆಯಲ್ಲಿ ಪಳಗಿದ ಕಿವಿ ಅದರ ಅರ್ಧದಷ್ಟನ್ನೂ ಗುರುತಿಸೀತು. ಕಟ್ಟಳೆಯನ್ನು ಈ ಮೇರೆಯೊಳಗೇ ಇಡಲಾಗಿದೆ.

ನೆನಪಿಡಲು ಒಂದು ಸೂತ್ರ

ಮೇಲಿನ ಅಂಕಗಳನ್ನು ಕೂಡಿಸಿ ನೋಡಿದರೆ ಒಂದು ಸುಲಭವಾದ ಸೂತ್ರ ದೊರೆಯುತ್ತದೆ. ತಂತಿಯ ಚದರ ಮಿಲಿಮೀಟರಿನ ಅಂಕವನ್ನು ಹತ್ತರಿಂದ ಗುಣಿಸಿ. ೮ ಓಮಿನ ಸ್ಪೀಕರನ್ನು ಅಷ್ಟು ಮೀಟರು ದೂರದವರೆಗೆ ಇಡಬಹುದು. ಸ್ಪೀಕರು ೪ ಓಮಿನದಾದರೆ ಐದರಿಂದ ಗುಣಿಸಿ. ೮ ಓಮಿನ ಸ್ಪೀಕರಿಗೆ ಲೆಕ್ಕ ಹೀಗಾಗುತ್ತದೆ:

೦.೫ ಚದರ ಮಿಲಿಮೀಟರು: ೫ ಮೀಟರಿನವರೆಗೆ.
೦.೭೫ ಚದರ ಮಿಲಿಮೀಟರು: ಏಳೂವರೆ ಮೀಟರಿನವರೆಗೆ.
೧ ಚದರ ಮಿಲಿಮೀಟರು: ೧೦ ಮೀಟರಿನವರೆಗೆ.
೧.೫ ಚದರ ಮಿಲಿಮೀಟರು: ೧೫ ಮೀಟರಿನವರೆಗೆ.
೨.೫ ಚದರ ಮಿಲಿಮೀಟರು: ೨೫ ಮೀಟರಿನವರೆಗೆ.

ನಮ್ಮಲ್ಲಿ ಹೆಚ್ಚಿನವರ ಖೋಲಿ ಹತ್ತು ಅಡಿಗೆ ಹನ್ನೆರಡು ಅಡಿ. ಗೋಡೆಯ ಅಂಚಿನಲ್ಲಿ ಸುತ್ತಿಸಿ ತಂದರೂ ತಂತಿ ಐದು ಮೀಟರು ಮೀರುವುದು ಅಪರೂಪ. ಐದು ಮೀಟರಿಗೆ ೧ ಚದರ ಮಿಲಿಮೀಟರಿನ ತಂತಿಯ ರೋಧ ೦.೨ ಓಮ್, ೨.೫ ಚದರ ಮಿಲಿಮೀಟರಿನದು ೦.೦೮ ಓಮ್. ೮ ಓಮಿನ ಸ್ಪೀಕರಿನಲ್ಲಿ ಇವೆರಡರ ನಡುವಣ ವ್ಯತ್ಯಾಸ ಒಂದು ಡೆಸಿಬೆಲಿನ ಏಳನೆಯ ಒಂದು ಪಾಲಿಗಿಂತಲೂ ಕಡಿಮೆ. ಬೀದಿಯ ಸದ್ದು, ಪಕ್ಕದ ಮನೆಯ ಕುಕ್ಕರಿನ ಕೂಗು, ಮೇಲಿನ ಪಂಖದ ಗಾಳಿ ಇವುಗಳ ನಡುವೆ ಇದನ್ನು ಕೇಳಬಲ್ಲ ಕಿವಿ ಯಾವುದು?

ತೆಳು ತಂತಿ ಕೆಡಿಸುವುದೇನು?

ಹಾಗಾದರೆ ಅಂಗಡಿಯವನ ಮಾತಿನಲ್ಲಿ ನಿಜವೆಲ್ಲಿದೆ? ಅಗ್ಗದ ಸಂಗೀತ ಪೆಟ್ಟಿಗೆಗಳ ಜೊತೆ ಬರುವ ಕೂದಲಿನಂಥ ತಂತಿಯಲ್ಲಿದೆ. ಅದರ ತಾಮ್ರ ೦.೨ ಚದರ ಮಿಲಿಮೀಟರಿನಷ್ಟೇ ಎಂದುಕೊಳ್ಳಿ. ಐದು ಮೀಟರಿಗೆ ಅದರ ರೋಧ ೧ ಓಮ್. ಇಂಥ ಪೆಟ್ಟಿಗೆಗಳ ಸ್ಪೀಕರು ಹಲವು ವೇಳೆ ೪ ಓಮಿನದು. ಆಗ ಐದರಲ್ಲಿ ಒಂದು ಪಾಲು ವೋಲ್ಟನ್ನು ತಂತಿಯೇ ನುಂಗುತ್ತದೆ. ಸ್ಪೀಕರಿಗೆ ಸಲ್ಲಬೇಕಾದ ಶಕ್ತಿಯಲ್ಲಿ ನೂರಕ್ಕೆ ೬೪ ಮಾತ್ರ ಅದಕ್ಕೆ ತಲಪುತ್ತದೆ.

ಧ್ವನಿ ಕಡಿಮೆಯಾದರೆ ಗುಂಡಿ ತಿರುಗಿಸಿ ಏರಿಸಿಕೊಳ್ಳಬಹುದಲ್ಲ ಎಂದು ಕೇಳಬಹುದು. ಅಷ್ಟೇ ಆಗಿದ್ದರೆ ತೊಂದರೆಯಿರಲಿಲ್ಲ. ಆದರೆ ಸ್ಪೀಕರಿನ ಬೆನ್ನ ಮೇಲೆ ಬರೆದ ೮ ಓಮ್ ಎಂಬುದು ಹೆಸರಿಗೆ ಮಾತ್ರ. ನಿಜವಾಗಿ ಆ ಅಂಕ ಸ್ವರದೊಡನೆ ಏರಿಳಿಯುತ್ತದೆ. ಒಂದು ಮಂದ್ರಸ್ವರದಲ್ಲಿ ಅದು ೩೦ ಓಮಿಗೆ ಏರಿ, ಅದಕ್ಕೂ ಮೇಲಿನ ಸ್ವರಗಳಲ್ಲಿ ೬ ಓಮಿಗೆ ಇಳಿಯುವುದುಂಟು. ೧ ಓಮಿನ ತಂತಿ ೩೦ ಓಮಿನೊಡನೆ ನಿಂತಾಗ ನೂರಕ್ಕೆ ಮೂರು ಪಾಲನ್ನೂ, ೬ ಓಮಿನೊಡನೆ ನಿಂತಾಗ ನೂರಕ್ಕೆ ಹದಿನಾಲ್ಕು ಪಾಲನ್ನೂ ಕಸಿದುಕೊಳ್ಳುತ್ತದೆ. ಎಂದರೆ ಎಲ್ಲ ಸ್ವರಗಳೂ ಒಂದೇ ಸಮನೆ ಕುಗ್ಗುವುದಿಲ್ಲ. ಕೆಲವು ಹೆಚ್ಚು, ಕೆಲವು ಕಡಿಮೆ. ಈ ಎರಡರ ನಡುವೆ ಸುಮಾರು ಒಂದು ಡೆಸಿಬೆಲಿನ ಅಂತರ ಬೀಳುತ್ತದೆ. ಗಾಯಕನ ಕಂಠದ ಬಣ್ಣ ತುಸು ಮಾಸಿದಂತೆ ಕೇಳಿಸುವುದು ಇದರಿಂದಲೇ. ೧ ಚದರ ಮಿಲಿಮೀಟರಿನ ತಂತಿ ಹಾಕಿದರೆ ಈ ಅಂತರ ಕಾಲು ಡೆಸಿಬೆಲಿಗೂ ಕಡಿಮೆಯಾಗಿ ಕಿವಿಗೆ ನಿಲುಕದೆ ಹೋಗುತ್ತದೆ.

ಇನ್ನೊಂದು ಸಂಗತಿಯೂ ಇದೆ. ಮೃದಂಗದ ಪೆಟ್ಟು ಮುಗಿದ ಮೇಲೂ ಸ್ಪೀಕರಿನ ಶಂಕು ತೂಗುಯ್ಯಾಲೆಯಂತೆ ಇನ್ನೂ ಸ್ವಲ್ಪ ಆಡಲು ನೋಡುತ್ತದೆ. ಅಯಸ್ಕಾಂತದ ನಡುವೆ ಆಡುವ ಸುರುಳಿ ತಾನೇ ವಿದ್ಯುತ್ತನ್ನು ಹುಟ್ಟಿಸುತ್ತದೆ; ಆ ವಿದ್ಯುತ್ತು ತಂತಿಯ ಮೂಲಕ ಆಂಪ್ಲಿಫೈಯರನ್ನು ಹೊಕ್ಕು ಮರಳಿ ಬಂದು ಸುರುಳಿಗೆ ಬಿರಿಯಂತೆ ತಡೆ ಹಾಕುತ್ತದೆ. ದಾರಿಯಲ್ಲಿ ರೋಧ ಹೆಚ್ಚಾದರೆ ಬಿರಿ ಸಡಿಲವಾಗುತ್ತದೆ. ‘ದಪ್ಪ ತಂತಿಯಿಂದ ಮಂದ್ರಸ್ವರ ಬಿಗಿಯಾಗುತ್ತದೆ’ ಎಂಬ ಮಾತಿಗೆ ಇದೇ ಆಧಾರ. ಆದರೆ ೮ ಓಮಿನ ಸ್ಪೀಕರಿನ ಸುರುಳಿಗೇ ಸುಮಾರು ೬ ಓಮಿನಷ್ಟು ಸ್ವಂತ ರೋಧವಿರುತ್ತದೆ, ಅದೂ ಇದೇ ದಾರಿಯಲ್ಲಿದೆ ಎಂಬುದನ್ನು ಹೇಳುವವರು ಕಡಿಮೆ. ಆರರ ಪಕ್ಕದಲ್ಲಿ ೦.೨ ಇದ್ದರೇನು, ೦.೦೮ ಇದ್ದರೇನು!

ಪ್ರಮಾಣಿಸಿ ನೋಡು

೧೯೭೦ರ ದಶಕದ ಕೊನೆಯವರೆಗೆ ಅಮೆರಿಕೆಯಲ್ಲೂ ಸ್ಪೀಕರಿಗೆ ಮೇಜುದೀಪದ ಜೋಡಿ ತಂತಿಯನ್ನೇ ಹಾಕುವುದು ವಾಡಿಕೆಯಾಗಿತ್ತು. ಸ್ಪೀಕರಿಗೆಂದೇ ವಿಶೇಷ ತಂತಿ ಮಾರುವುದು ಆಮೇಲೆ ದೊಡ್ಡ ವ್ಯಾಪಾರವಾಗಿ ಬೆಳೆಯಿತು. ಬೆಲೆ ಸಾವಿರಾರು ಡಾಲರುಗಳಿಗೇರಿತು. ೨೦೦೭ರಲ್ಲಿ ಜೇಮ್ಸ್ ರ್‍ಯಾಂಡಿ ಎಂಬಾತ, ೭,೨೫೦ ಡಾಲರು ಬೆಲೆಯ ಒಂದು ಜೊತೆ ತಂತಿಯನ್ನು ಸಾಧಾರಣ ಬೆಲೆಯ ತಂತಿಯಿಂದ ಕಿವಿಯೊಂದರಿಂದಲೇ ಬೇರ್ಪಡಿಸಿ ತೋರಿಸಿದವರಿಗೆ ಹತ್ತು ಲಕ್ಷ ಡಾಲರು ಕೊಡುವುದಾಗಿ ಸಾರಿದ. ಮಾತುಕತೆ ನಡೆಯಿತು, ಪರೀಕ್ಷೆ ಮಾತ್ರ ನಡೆಯಲಿಲ್ಲ; ಆ ಹಣವನ್ನು ಯಾರೂ ಗೆಲ್ಲಲಿಲ್ಲ.

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬುದು ನಮ್ಮ ಹಿರಿಯರ ಮಾತು. ಈ ಪ್ರಮಾಣವನ್ನು ಮನೆಯಲ್ಲೇ ಮಾಡಬಹುದು. ಕೊಳ್ಳುವ ಮೊದಲು ಯಾರಿಂದಲಾದರೂ ದಪ್ಪ ತಂತಿಯನ್ನು ಎರವಲು ತನ್ನಿ. ನೀವು ಸ್ಪೀಕರಿನ ಕಡೆ ಕುಳಿತಿರಿ. ಸ್ನೇಹಿತರೊಬ್ಬರು ನಿಮ್ಮ ಬೆನ್ನ ಹಿಂದೆ ನಾಣ್ಯ ಚಿಮ್ಮಿ, ಬಿದ್ದ ಮುಖಕ್ಕೆ ತಕ್ಕಂತೆ ಒಂದು ತಂತಿಯನ್ನು ಜೋಡಿಸಲಿ. ಜೋಡಿಸುವ ಮೊದಲು ಆಂಪ್ಲಿಫೈಯರನ್ನು ಆರಿಸುವುದನ್ನು ಮರೆಯಬಾರದು. ಒಂದೇ ಹಾಡು, ಒಂದೇ ಗುಂಡಿ ಮಟ್ಟ. ಹತ್ತು ಸಲ ಹೀಗೆ ಮಾಡಿ, ಯಾವ ತಂತಿ ಎಂದು ಬರೆದಿಡಿ. ಒಂಬತ್ತು ಸಲವಾದರೂ ಸರಿಯಾದರೆ ನಿಮ್ಮ ಕಿವಿಯನ್ನು ನಂಬಬಹುದು. ಬರಿಯ ಊಹೆಯಿಂದ ಹಾಗಾಗುವ ಸಂಭವ ನೂರಕ್ಕೆ ಒಂದರಷ್ಟು. ಐದಾರು ಸರಿಯಾದರೆ ಅದು ನಾಣ್ಯದ ಆಟ. ಹಣ ಜೇಬಿನಲ್ಲೇ ಇರಲಿ.

ಪೇಟೆಯಲ್ಲಿ ಎಚ್ಚರ

ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಿರಲಿ, ಚೆನ್ನೈಯ ರಿಚೀ ಬೀದಿಯಿರಲಿ, ದೆಹಲಿಯ ಲಜಪತರಾಯ್ ಮಾರುಕಟ್ಟೆಯಿರಲಿ, ತಂತಿ ಕೊಳ್ಳುವಾಗ ಕೆಲವು ಮಾತುಗಳನ್ನು ನೆನಪಿಡಬೇಕು.

ಮೊದಲನೆಯದು, ಹೊದಿಕೆಯನ್ನು ನೋಡಿ ಮೋಸಹೋಗಬೇಡಿ. ಹೊರಗಿನ ಪ್ಲಾಸ್ಟಿಕ್ಕು ಬೆರಳಷ್ಟು ದಪ್ಪವಿದ್ದು ಒಳಗಿನ ತಾಮ್ರ ನಾಲ್ಕೇ ಎಳೆ ಇರಬಹುದು. ತುದಿಯನ್ನು ಸುಲಿದು ಎಳೆಗಳನ್ನು ಎಣಿಸಿ. ಎಳೆಯ ವ್ಯಾಸ ೦.೨ ಮಿಲಿಮೀಟರಾದರೆ ಒಂದೊಂದರ ವಿಸ್ತೀರ್ಣ ೦.೦೩೧ ಚದರ ಮಿಲಿಮೀಟರು. ಮೂವತ್ತೆರಡು ಎಳೆ ಸೇರಿದರೆ ಒಂದು ಚದರ ಮಿಲಿಮೀಟರು. ಕಾರ್ಖಾನೆಯಲ್ಲಿ ದುಡಿಯುವ ಮಿತ್ರರಿಗೆ ಮೈಕ್ರೋಮೀಟರು ಹೊಸದಲ್ಲ. ಅಳೆಯುವುದು ಒಂದು ನಿಮಿಷದ ಕೆಲಸ.

ಎರಡನೆಯದು, ಅಮೆರಿಕೆಯ ಗೇಜಿನಲ್ಲಿ ಅಂಕ ಹೆಚ್ಚಿದಂತೆ ತಂತಿ ತೆಳುವಾಗುತ್ತದೆ. ೧೮ನೆಯ ಗೇಜು ಸುಮಾರು ೦.೮, ೧೬ನೆಯದು ೧.೩, ೧೪ನೆಯದು ೨.೧ ಚದರ ಮಿಲಿಮೀಟರು. ‘ದೊಡ್ಡ ನಂಬರು’ ಎಂದು ಹಿಗ್ಗಿ ಕೊಂಡವನು ತೆಳು ತಂತಿಯೊಡನೆ ಮನೆಗೆ ಬರುತ್ತಾನೆ.

ಮೂರನೆಯದು, ತಾಮ್ರದ ಬಣ್ಣವೆಲ್ಲ ತಾಮ್ರವಲ್ಲ. ಅಲ್ಯೂಮಿನಿಯಮಿನ ಎಳೆಗೆ ತಾಮ್ರದ ತೆಳು ಕವಚ ಹೊದಿಸಿ ಮಾರುವುದುಂಟು. ಇದರ ರೋಧ ತಾಮ್ರದ ಒಂದೂವರೆ ಪಾಲಿಗಿಂತ ಹೆಚ್ಚು. ಬ್ಲೇಡಿನಿಂದ ಎಳೆಯನ್ನು ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ತವರ ಲೇಪಿಸಿದ ಒಳ್ಳೆಯ ತಾಮ್ರ ಇದಕ್ಕೆ ತಿರುಗು ಮುರುಗು: ಹೊರಗೆ ಬೆಳ್ಳಗೆ, ಕೆರೆದರೆ ಕೆಂಪಗೆ. ಕವಚದ ತಂತಿಯನ್ನು ಬಳಸಬಾರದೆಂದಿಲ್ಲ. ಅದನ್ನು ಒಂದು ಮಟ್ಟ ದಪ್ಪವಾಗಿಯೂ, ತಾಮ್ರಕ್ಕಿಂತ ಅಗ್ಗವಾಗಿಯೂ ಕೊಳ್ಳಬೇಕು.

ಐ.ಎಸ್.ಐ. ಗುರುತಿನ, ಮನೆಯ ವಯರಿಂಗಿಗೆ ಬಳಸುವ ೧ ಚದರ ಮಿಲಿಮೀಟರಿನ ಮೆತು ತಂತಿಯನ್ನು ಕೆಂಪು ಒಂದು, ಕಪ್ಪು ಒಂದು ತಂದು ಹುರಿ ಮಾಡಿ ಬಳಸಿದರೂ ಆದೀತು. ಸ್ಪೀಕರಿನ ಕೆಲಸಕ್ಕೆ ಅದು ಏನೇನೂ ಕಡಿಮೆಯಲ್ಲ. ಆದರೆ ಇದರ ತಿರುವು ಎಂದಿಗೂ ಆಗಬಾರದು. ಉಳಿದ ತೆಳು ಸ್ಪೀಕರ್ ತಂತಿಯನ್ನು ಇಸ್ತ್ರಿಪೆಟ್ಟಿಗೆಗೋ ಹೀಟರಿಗೋ ಹಾಕಿದರೆ ಅದು ಕಾದು ಹೊದಿಕೆ ಕರಗಿ ಖೋಲಿಗೆ ಬೆಂಕಿ ಬಿದ್ದೀತು. ಹಾಗೆಯೇ ಸ್ಪೀಕರ್ ತಂತಿಯ ತುದಿಗೆ ಗೋಡೆಯ ಪ್ಲಗ್ಗನ್ನು ಎಂದೂ ಜೋಡಿಸಬೇಡಿ. ತಿಳಿಯದ ಮಗುವೊಂದು ಅದನ್ನು ಒಯ್ದು ಗೋಡೆಗೆ ಸಿಕ್ಕಿಸಿದರೆ ಅನರ್ಥವಾದೀತು.

ದಪ್ಪಕ್ಕಿಂತ ಮುಖ್ಯವಾದುದು

ಎಷ್ಟೋ ಮನೆಗಳಲ್ಲಿ ನಾದ ಕೆಡುವುದು ತಂತಿ ತೆಳುವಾದುದರಿಂದಲ್ಲ, ಜೋಡಣೆ ಸಡಿಲವಾದುದರಿಂದ. ಹಲ್ಲಿನಿಂದ ಸುಲಿದು, ಕೈಯಿಂದ ತಿರುಚಿ, ಮೇಲೆ ಟೇಪು ಸುತ್ತಿದ ಗಂಟು ಸಮುದ್ರದ ಗಾಳಿಗೆ ಕಿಲುಬು ಹಿಡಿಯುತ್ತದೆ. ರೋಧ ಏರುತ್ತದೆ, ಹಾಡು ತಡೆತಡೆದು ಬರುತ್ತದೆ. ತಂತಿ ಒಂದೇ ತುಂಡಾಗಿರಲಿ, ತುದಿ ಹೊಳೆಯುವಂತಿರಲಿ, ತಿರುಪು ಬಿಗಿಯಾಗಿರಲಿ. ಒಂದು ಎಳೆಯೂ ಹೊರಗೆ ಚಾಚಿ ಪಕ್ಕದ ಎಳೆಯನ್ನು ಮುಟ್ಟಬಾರದು. ಮುಟ್ಟಿದರೆ ಆಂಪ್ಲಿಫೈಯರೇ ಸುಟ್ಟುಹೋಗಬಹುದು.

ತಂತಿಯ ಒಂದು ಬದಿಯಲ್ಲಿ ಗೆರೆಯೋ ಬಣ್ಣವೋ ಇರುತ್ತದೆ. ಅದನ್ನು ಎರಡು ಕಡೆಯೂ, ಎರಡು ಸ್ಪೀಕರಿಗೂ ಕೂಡು ಚಿಹ್ನೆಗೇ ಸೇರಿಸಿ. ಒಂದು ಸ್ಪೀಕರಿಗೆ ಅದಲು ಬದಲಾದರೆ, ಒಂದರ ಶಂಕು ಮುಂದೆ ಬರುವಾಗ ಇನ್ನೊಂದರದು ಹಿಂದೆ ಸರಿದು ಮಂದ್ರಸ್ವರಗಳು ಒಂದನ್ನೊಂದು ಅಳಿಸಿಬಿಡುತ್ತವೆ. ಚಿನ್ನದ ಬೆಲೆಯ ತಂತಿಯೂ ಈ ತಪ್ಪನ್ನು ತಿದ್ದಲಾರದು.

ಎರಡು ತಂತಿಗಳೂ ಸಮ ಉದ್ದವಿರಬೇಕೆಂಬುದೊಂದು ನಂಬಿಕೆ. ಮೂರು ಮೀಟರು ಹೆಚ್ಚು ಕಡಿಮೆಯಾದರೂ ವಿದ್ಯುತ್ತಿಗೆ ಬೀಳುವ ತಡ ಸೆಕೆಂಡಿನ ಕೋಟಿಯ ಒಂದು ಪಾಲಿಗಿಂತಲೂ ಕಡಿಮೆ. ನೀವು ಕುಳಿತಲ್ಲೇ ತಲೆಯನ್ನು ಒಂದು ಅಂಗುಲ ವಾಲಿಸಿದರೆ ಅದಕ್ಕಿಂತ ಎಷ್ಟೋ ಹೆಚ್ಚು ವ್ಯತ್ಯಾಸವಾಗುತ್ತದೆ.

ಸಭೆ ಸಮಾರಂಭಗಳಲ್ಲಿ

ತಂತಿಯ ದಪ್ಪ ನಿಜವಾಗಿ ಕಾಡುವುದು ಮನೆಯಲ್ಲಲ್ಲ, ನಮ್ಮ ಸಂಘಗಳ ರಾಜ್ಯೋತ್ಸವದ ಮೈದಾನದಲ್ಲಿ. ವೇದಿಕೆಯಿಂದ ಐವತ್ತು ಮೀಟರು ದೂರಕ್ಕೆ ೧ ಚದರ ಮಿಲಿಮೀಟರಿನ ತಂತಿ ಎಳೆದು ೮ ಓಮಿನ ಸ್ಪೀಕರನ್ನು ಕಟ್ಟಿದರೆ ತಂತಿಯ ರೋಧವೇ ೨ ಓಮ್. ೨೦ ವ್ಯಾಟು ಸಿಗಬೇಕಾದಲ್ಲಿ ಸಿಗುವುದು ೧೨.೮ ವ್ಯಾಟು. ಹಿಂದಿನ ಸಾಲಿನ ಹೆಂಗಸರಿಗೂ ಮಕ್ಕಳಿಗೂ ಭಾಷಣ ಕೇಳಿಸಲಿಲ್ಲವೆಂಬ ದೂರಿಗೆ ಇದೂ ಒಂದು ಕಾರಣವಾದೀತು.

ಇದಕ್ಕೆ ರೈಲು ನಿಲ್ದಾಣಗಳಲ್ಲಿ ಬಳಸುವ ಉಪಾಯವೇ ಮದ್ದು. ೧೦೦ ವೋಲ್ಟಿನ ಲೈನು ಎಂದು ಅದಕ್ಕೆ ಹೆಸರು. ಆಂಪ್ಲಿಫೈಯರಿನಲ್ಲಿ ವೋಲ್ಟನ್ನು ಏರಿಸಿ ಕಳುಹಿಸಿ, ಪ್ರತಿ ಸ್ಪೀಕರಿನ ಬಳಿಯೂ ಒಂದು ಸಣ್ಣ ಟ್ರಾನ್ಸ್‌ಫಾರ್ಮರಿನಿಂದ ಇಳಿಸಿಕೊಳ್ಳುತ್ತಾರೆ. ೨೦ ವ್ಯಾಟನ್ನು ೧೦೦ ವೋಲ್ಟಿನಲ್ಲಿ ಕಳುಹಿಸಲು ಬೇಕಾದುದು ೦.೨ ಆಂಪೇರು ಮಾತ್ರ. ಆ ಸ್ಪೀಕರು ತಂತಿಗೆ ೫೦೦ ಓಮಿನಂತೆ ಕಾಣುತ್ತದೆ. ಐನೂರರ ಮುಂದೆ ಎರಡು ಓಮ್ ಯಾವ ಲೆಕ್ಕ! ಅದೇ ತಂತಿಯಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಶಕ್ತಿ ಹಿಂದಿನ ಸಾಲಿಗೆ ಮುಟ್ಟುತ್ತದೆ. ಧ್ವನಿವರ್ಧಕ ಬಾಡಿಗೆಗೆ ತರುವ ಕಾರ್ಯಕರ್ತರು ‘ನೂರು ವೋಲ್ಟಿನ ಲೈನು ಇದೆಯೇ’ ಎಂದು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಆ ಲೈನು ಓಡುವಾಗ ಬರಿಗೈಯಿಂದ ತುದಿಯನ್ನು ಮುಟ್ಟಬಾರದು, ಅಷ್ಟೆ.

ಇನ್ನು ನಮ್ಮ ಮಿತ್ರರ ಪ್ರಶ್ನೆ. ಅವರ ಖೋಲಿಯನ್ನು ನಾವು ಹೋಗಿ ನೋಡಿದೆವು. ಸ್ಪೀಕರು ೮ ಓಮಿನದು. ಒಂದಕ್ಕೆ ಮೂರು ಮೀಟರು, ಇನ್ನೊಂದಕ್ಕೆ ನಾಲ್ಕೂವರೆ ಮೀಟರು ತಂತಿ ಬೇಕು. ಸೂತ್ರದಂತೆ ೦.೫ ಚದರ ಮಿಲಿಮೀಟರಿನದೇ ಸಾಕು. ಮುಂದೆ ದೊಡ್ಡ ಮನೆಗೆ ಹೋಗುವ ಯೋಗ ಬಂದರೂ ಇರಲೆಂದು ೧ ಚದರ ಮಿಲಿಮೀಟರಿನ ತಾಮ್ರದ ಜೋಡಿ ತಂತಿಯನ್ನು ಎಂಟು ಮೀಟರು ತಂದು, ತುದಿ ಸುಲಿದು, ಬಿಗಿದು ಕೊಟ್ಟೆವು. ಆ ತಿಂಗಳ ಹಣ ಊರಿಗೆ ಎಂದಿನಂತೆ ಹೋಯಿತು. ಮುಂದಿನ ಭಾನುವಾರ ಅವರ ಮನೆಯಲ್ಲಿ ಚಹ ಕುಡಿಯುತ್ತ ಹಾಡು ಕೇಳಿದೆವು. ತಂತಿಯ ಮಾತನ್ನು ಯಾರೂ ಎತ್ತಲಿಲ್ಲ.